25 ವರ್ಷದ ಮಾತು ಕೊಡುವ ಮುನ್ನ

ಮಗಳೇ, ಯಲಹಂಕ ನ್ಯೂಟೌನಿನಲ್ಲಿ ಮಳಿಗೆ ಬಾಡಿಗೆಗೆ ಹಿಡಿದು, ಗೆಳತಿಯ ಜೊತೆ ಸೇರಿ ಚಾವಣಿಗೆ ಸೋಲಾರ್ ಹಾಕಿಕೊಡುವ ಕೆಲಸಕ್ಕೆ ಇಳಿದಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಕೇಳಿ ನನಗೆ ಹೆಮ್ಮೆಯಾಯಿತು. ನನ್ನ ದುಡಿಮೆಯ ಕಾಲವೆಲ್ಲ ಪೀಣ್ಯದಲ್ಲಿ ಸೋಲಾರ್ ವಾಟರ್ ಹೀಟರ್ ಮಾಡುವವರ ನಡುವೆಯೇ ಕಳೆಯಿತು. ಆ ಸಲುಗೆಯಿಂದ ನಿನ್ನ ಕಿವಿಯಲ್ಲಿ ಒಂದು ಮಾತು ಹಾಕಬೇಕು.

ನೀನು ಹಾಕುವ ಪ್ಯಾನೆಲ್ಲಿಗೆ ಕಂಪನಿಯವರು 25 ವರ್ಷದ ಭರವಸೆ ಬರೆದುಕೊಡುತ್ತಾರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕಿದರೆ ಮೊದಲ 5 ವರ್ಷದ ನಿರ್ವಹಣೆ ಹಾಕಿದವರ ಹೊಣೆ ಎಂದು ಒಪ್ಪಂದದಲ್ಲೇ ಇರುತ್ತದೆ. ಮನೆಯ ಯಜಮಾನರು ಪ್ಯಾನೆಲ್ ಕಂಪನಿಯವರನ್ನು ಕಂಡವರಲ್ಲ, ನಿನ್ನ ಮುಖ ನೋಡಿ ದುಡ್ಡು ಕೊಟ್ಟವರು. ಇಬ್ಬರು ಹುಡುಗಿಯರು, ಮೂರು ನಾಲ್ಕು ಜನ ಕೆಲಸಗಾರರು ಇರುವ ಸಂಸ್ಥೆ ಇಷ್ಟು ವರ್ಷದ ಮಾತನ್ನು ಒಂಟಿಯಾಗಿ ಉಳಿಸಿಕೊಳ್ಳುವುದು ಬಹಳ ಕಷ್ಟ. ಪಳಗಿದ ಹುಡುಗ ಕೆಲಸ ಬಿಟ್ಟು ಹೋಗುತ್ತಾನೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿಯುತ್ತಾರೆ. ಕೈಯಲ್ಲಿ ಕಾಸಿಲ್ಲದ ತಿಂಗಳು ಬಂದೇ ಬರುತ್ತದೆ. ಅದಕ್ಕೇ ಹೇಳುತ್ತೇನೆ, ಗಿರಾಕಿಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಇದೇ ಕೆಲಸ ಮಾಡುವವರ ಸ್ನೇಹವನ್ನೂ ಮಾಡು. ಹೆಬ್ಬಾಳದವರು, ಆರ್‌.ಟಿ. ನಗರದವರು, ಯಶವಂತಪುರದವರು, ಎಲ್ಲರೂ ಬೇಕು.

ವಾಟರ್ ಹೀಟರಿನ ಕಾಲದಲ್ಲಿ ನಾವು ಇದನ್ನು ಕಣ್ಣಾರೆ ಕಂಡೆವು. ಬಿಸಿನೀರಿಗೆ ಸೋಲಾರ್ ಹಾಕಿಸಿದವರಿಗೆ ಬೆಸ್ಕಾಂ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ ಕೊಡುತ್ತಿತ್ತು. ಊರ ತುಂಬ ತೊಟ್ಟಿಗಳು ಎದ್ದವು, ತಯಾರಕರೂ ಹುಟ್ಟಿಕೊಂಡರು. ಬೆಂಗಳೂರಿನ ನಮ್ಮ ಉತ್ತರ ಭಾಗದಲ್ಲಿ ಹೆಚ್ಚಿನ ಕಡೆ ಬೋರ್‌ವೆಲ್ ನೀರು, ಗಡಸು ನೀರು. ಎರಡು ಮೂರು ವರ್ಷಕ್ಕೆ ತಾಮ್ರದ ಕೊಳವೆಯೊಳಗೆ ಬಿಳಿ ಹರಳು ಕಟ್ಟಿ, ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಉಗುರು ಬೆಚ್ಚಗಿನ ನೀರಷ್ಟೇ ಬರುತ್ತಿತ್ತು. ಕೊಳವೆ ಬಿಚ್ಚಿ ತೆಳು ಆಸಿಡ್ ಹಾಯಿಸಿ ತೊಳೆದರೆ ಸರಿಹೋಗುವ ಕೆಲಸ ಅದು. ಆದರೆ ಮಾರಿದವನ ಅಂಗಡಿಯೇ ಮುಚ್ಚಿದ್ದರೆ ತೊಳೆಯುವವರು ಯಾರು? ತೊಟ್ಟಿಯ ಮೇಲಿನ ನಂಬರಿಗೆ ಫೋನು ಮಾಡಿ ಮಾಡಿ ಸೋತ ಮನೆಯವರು ಕೊನೆಗೆ ದೂರುತ್ತಿದ್ದುದು ಅಂಗಡಿಯವನನ್ನಲ್ಲ, 'ಸೋಲಾರೇ ಸರಿಯಿಲ್ಲ' ಎಂದು. ಆ ಒಂದು ಮಾತು ಇಡೀ ಬೀದಿಯ ವ್ಯಾಪಾರ ಕೆಡಿಸುತ್ತಿತ್ತು. ಬೇರೆಯವರು ಹಾಕಿದ್ದನ್ನೂ ಮುಖ ಸಿಂಡರಿಸದೆ ರಿಪೇರಿ ಮಾಡಿಕೊಟ್ಟವರನ್ನು ಜನ ಮರೆಯಲಿಲ್ಲ. ನಿನ್ನ ಮಳಿಗೆಯಿಂದ ಬಹು ದೂರವಿಲ್ಲದ ಬೆಟ್ಟಹಲಸೂರಿನಲ್ಲಿ ಎಮ್‌ವೀ ಕಂಪನಿ ಇದೆಯಲ್ಲ, 1992ರಲ್ಲಿ ಅವರು ಶುರು ಮಾಡಿದ್ದೂ ವಾಟರ್ ಹೀಟರಿನಿಂದಲೇ. ಪ್ಯಾನೆಲ್ ತಯಾರಿಕೆ ಆಮೇಲೆ ಬಂದದ್ದು.

ಪೈಪೋಟಿಯವರು ಒಂದಾಗುವುದುಂಟೇ ಎಂದು ನೀನು ಕೇಳಬಹುದು. ನಮ್ಮ ರಾಜ್ಯದಲ್ಲೇ ಆಗಿದೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕಿನ ಜೊತೆ ಸೇರಿ ಮನೆ ದೀಪದ ಸೋಲಾರಿಗೆ ಸಾಲ ಕೊಡಿಸುವ ಯೋಜನೆ ತಂದರು. ಸೆಲ್ಕೊ, ಟಾಟಾ ಬಿಪಿ ಸೋಲಾರ್, ಶೆಲ್ ಸೋಲಾರ್, ಕೋಟಕ್ ಊರ್ಜಾ, ಒಬ್ಬರಿಗೊಬ್ಬರು ಎದುರಾಳಿಗಳಾದ ಎಲ್ಲರೂ ಅದರಡಿ ಬಂದರು. ಬಡ್ಡಿಗೆ ಮೊದಮೊದಲು ನೆರವು ಇತ್ತು, ಬರುಬರುತ್ತ ಅದನ್ನು ಇಳಿಸಿದರು. 2007ರ ಹೊತ್ತಿಗೆ 18 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಸಾಲದಲ್ಲಿ ದೀಪ ಬಂತು. ಆ ಸಾಲಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಸೋಲಾರ್ ಎಂದರೇನು, ಅದಕ್ಕೆ ಹೇಗೆ ಸಾಲ ಕೊಡಬೇಕು ಎಂಬುದನ್ನು ಬ್ಯಾಂಕಿನ ಶಾಖೆಯವರು ಕಲಿತರು. ಒಂದು ಅಂಗಡಿಯವನು ಹೋಗಿ ಹೇಳಿದ್ದರೆ 'ನೋಡೋಣ, ಮುಂದಿನ ವಾರ ಬನ್ನಿ' ಎಂದು ಕಳಿಸುತ್ತಿದ್ದರು. ಸೆಲ್ಕೊ ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ನಿನಗೆ ಗೊತ್ತೇ ಇದೆ. ಅವರ ಕೆಲಸದ ಜೀವಾಳವೂ ಇದೇ: ಬಡವರ ಸಂಪಾದನೆ ಬರುವ ರೀತಿಗೆ ತಕ್ಕಂತೆ ಕಂತು ಕಟ್ಟಿಸಿಕೊಳ್ಳಲು ಬ್ಯಾಂಕುಗಳನ್ನು ಒಪ್ಪಿಸುವುದು.

ಇನ್ನು ನಿನ್ನ ಸುತ್ತಮುತ್ತಲೇ ಏನೇನಿದೆ ನೋಡಿಕೊ. ಜಕ್ಕೂರಿನಲ್ಲಿ ಮಹಾತ್ಮ ಗಾಂಧಿ ಗ್ರಾಮೀಣ ಇಂಧನ ಮತ್ತು ಅಭಿವೃದ್ಧಿ ಸಂಸ್ಥೆ ಇದೆ. ಯಲಹಂಕದಲ್ಲಿದ್ದೂ ಅದರ ಹೆಸರೇ ಕೇಳದವರು ಬಹಳ. ಯಶವಂತಪುರದ ಮಗ್ಗುಲಿಗೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲೇ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಕಟ್ಟಿ ಹಳ್ಳಿಯ ಒಲೆ, ಗೋಬರ್ ಗ್ಯಾಸುಗಳಿಗೆ ವಿಜ್ಞಾನಿಗಳ ಬುದ್ಧಿ ಹಚ್ಚಿದರು. ಸದಾಶಿವನಗರದ ಕಡೆ 1960ರಿಂದ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ, ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವ ಜಾಗ. ಪೀಣ್ಯ ಕೈಗಾರಿಕಾ ಸಂಘ, ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ, ಹೆಣ್ಣುಮಕ್ಕಳ ಉದ್ಯಮಕ್ಕೆಂದೇ 1983ರಲ್ಲಿ ಹುಟ್ಟಿದ ಅವೇಕ್, ಇವುಗಳಲ್ಲಿ ಒಂದಕ್ಕಾದರೂ ಸದಸ್ಯಳಾಗು. ಚಂದಾ ಕಟ್ಟಿ ಸುಮ್ಮನಾಗಬೇಡ, ಸಭೆಗೆ ಹೋಗು, ಹಿರಿಯರ ಪಕ್ಕ ಕೂತು ಕೇಳು. ನಿನ್ನ ಉಪವಿಭಾಗದ ಬೆಸ್ಕಾಂ ಕಚೇರಿಯ ಇಂಜಿನಿಯರು, ಲೈನ್‌ಮನ್, ಮೀಟರ್ ಹಾಕುವವರು, ಇವರನ್ನು ನೆಟ್ ಮೀಟರ್ ತಡವಾದ ದಿನ ಮಾತ್ರ ನೆನೆಸಿಕೊಳ್ಳಬಾರದು. ಅರ್ಜಿಯ ಜೊತೆ ಪತ್ರಗಳು ಅಚ್ಚುಕಟ್ಟಾಗಿದ್ದರೆ ಅವರಿಗೂ ನಿನ್ನ ಮೇಲೆ ಗೌರವ ಬರುತ್ತದೆ.

ಕಷ್ಟದ ಮಾತನ್ನೂ ಆಡಬೇಕು. ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಒಳಗಿನ ಬಹುಪಾಲು ಮನೆಗಳಿಗೆ ಬಿಲ್ಲೇ ಇಲ್ಲ. ಆ ಮನೆಯವರಿಗೆ ಸೋಲಾರಿನ ಲಾಭದ ಲೆಕ್ಕ ಹೇಳಿದರೆ ಅವರು ನಕ್ಕಾರು. ಅವರನ್ನು ಪೀಡಿಸಬೇಡ. ಹೆಚ್ಚು ಕರೆಂಟು ಉರಿಸುವ ಮನೆ, ಪಿಜಿ, ದರ್ಶಿನಿ, ಸಣ್ಣ ಆಸ್ಪತ್ರೆ, ಅಪಾರ್ಟ್‌ಮೆಂಟಿನ ಲಿಫ್ಟು-ಪಂಪಿನ ಮೀಟರು, ನಿನ್ನ ಗಿರಾಕಿಗಳು ಅಲ್ಲಿದ್ದಾರೆ. ಅಪಾರ್ಟ್‌ಮೆಂಟಿನ ಕೆಲಸ ನಿಮ್ಮಿಬ್ಬರ ಕೈಗೆ ದೊಡ್ಡದಾಗಬಹುದು. ಇನ್ನೊಬ್ಬರ ಜೊತೆ ಹಂಚಿಕೊಂಡರೆ ಕೈ ಬಿಟ್ಟುಹೋಗುವುದಿಲ್ಲ.

ದುಡ್ಡಿನ ಇಕ್ಕಟ್ಟು ಬೇರೆ. 3 ಕಿಲೋವಾಟಿನ ಮನೆಗೆ ಸರ್ಕಾರದ ಸಹಾಯಧನ 78 ಸಾವಿರ, ಅದು ಸೇರುವುದು ಗಿರಾಕಿಯ ಖಾತೆಗೆ. 'ಸಬ್ಸಿಡಿ ಬರಲಿ, ಬಾಕಿ ಕೊಡ್ತೀನಿ' ಎನ್ನುವವರು ಸಿಗುತ್ತಾರೆ. ನೀನಾದರೋ ಪ್ಯಾನೆಲ್ಲಿಗೆ ಮುಂಗಡವೇ ಕಟ್ಟಿರುತ್ತೀಯ. ಇಂಥ ಕಡೆ ಜೊತೆಗಾರರು ಇದ್ದರೆ ಎಷ್ಟು ಅನುಕೂಲ ನೋಡು. 3 ಕಿಲೋವಾಟಿಗೆ ಬೇಕಾದದ್ದು ಈಗಿನ ದೊಡ್ಡ ಪ್ಯಾನೆಲ್ ಆರೇ. ಬಿಡಿಯಾಗಿ ಆರು ಕೊಂಡರೆ ದರವೂ ಜಾಸ್ತಿ, ಲಾರಿ ಬಾಡಿಗೆಯೂ ಜಾಸ್ತಿ. ನಾಲ್ಕೈದು ಜನ ಸೇರಿ ಇಡೀ ಪ್ಯಾಲೆಟ್ ಇಳಿಸಿಕೊಂಡರೆ ಎರಡೂ ಉಳಿಯುತ್ತವೆ. ಉದ್ಯಮ್ ನೋಂದಣಿ ಇವತ್ತೇ ಮಾಡಿಸು. ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ಏಜೆಂಟರ ಬಳಿ ಹೋಗಬೇಡ. ಕಂಪನಿಗಳಿಗೆ ಕೆಲಸ ಮಾಡಿಕೊಟ್ಟಾಗ ಹೆಚ್ಚೆಂದರೆ 45 ದಿನದೊಳಗೆ ಹಣ ಬರಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ಬಡ್ಡಿ ಕೇಳುವ ಹಕ್ಕಿದೆ, ಸರ್ಕಾರದ ಪೋರ್ಟಲ್ಲಿನಲ್ಲಿ ದೂರು ಕೊಡಬಹುದು. ಯಾವ ಗುತ್ತಿಗೆದಾರ ಹಣ ಸತಾಯಿಸುತ್ತಾನೆ ಎಂಬುದು ಮಾತ್ರ ಯಾವ ಪೋರ್ಟಲ್ಲಿನಲ್ಲೂ ಮೊದಲೇ ಸಿಗದು, ಜೊತೆಯವರ ಬಾಯಲ್ಲೇ ಸಿಗಬೇಕು.

ಒಂದು ಎಚ್ಚರ. ಸೇರಿದಾಗ 'ಎಲ್ಲರೂ ಒಂದೇ ರೇಟು ಹೇಳೋಣ' ಎನ್ನುವ ಮಾತು ಬರುತ್ತದೆ. ಅದಕ್ಕೆ ಒಪ್ಪಬೇಡ. ಗಿರಾಕಿಗೆ ಮೋಸ, ಕಾನೂನಿಗೂ ವಿರುದ್ಧ. ಕೆಲಸದ ಮಟ್ಟದ ಬಗ್ಗೆ ಬೇಕಾದರೆ ಒಂದು ಕಟ್ಟುಪಾಡು ಮಾಡಿಕೊಳ್ಳಿ. ಚೌಕಟ್ಟಿನ ಕಬ್ಬಿಣ ಇಷ್ಟಕ್ಕಿಂತ ತೆಳುವಾಗಬಾರದು. ಡಿಸಿಗೆ, ಎಸಿಗೆ, ಸಿಡಿಲು ತಡೆಯುವ ಸಲಾಕೆಗೆ ಬೇರೆ ಬೇರೆ ಅರ್ಥಿಂಗ್ ಗುಂಡಿ ಇರಲೇಬೇಕು. ರೇಟು ಇಳಿಸುವ ಭರದಲ್ಲಿ ಮೊದಲು ಮಾಯವಾಗುವುದೇ ಈ ಗುಂಡಿಗಳು, ಮಣ್ಣು ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮಾತ್ರ ಅವು ಎಲ್ಲಿಲ್ಲ ಎಂಬುದು ಗೊತ್ತಾಗುತ್ತದೆ.

ಪ್ರತಿ ಮನೆಗೂ ಒಂದು ಕಡತ ಇಡು: ಪ್ಯಾನೆಲ್ಲುಗಳ ಸೀರಿಯಲ್ ನಂಬರು, ವೈರಿಂಗ್ ನಕ್ಷೆ, ಇನ್ವರ್ಟರಿನ ವಾರಂಟಿ ಚೀಟಿ, ಬೆಸ್ಕಾಂ ಒಪ್ಪಂದದ ಪ್ರತಿ. ಒಂದು ಸೆಟ್ಟು ಮನೆಯವರ ಕೈಯಲ್ಲೇ ಇರಲಿ, ಬೇರೆ ಯಾರು ಚಾವಣಿ ಹತ್ತಿದರೂ ಬಿಚ್ಚಿ ನೋಡಿ ಕೆಲಸ ಮಾಡುವಂತಿರಲಿ. ನಿನ್ನ ಗಿರಾಕಿಯನ್ನು ಬೇರೆಯವರು ಹಾರಿಸಿಕೊಂಡು ಹೋದಾರು ಎಂಬ ಭಯ ಬೇಡ. ನೀನು ಊರಲ್ಲಿಲ್ಲದ ದಿನ ಅವರು ಹೋಗಿ ಫ್ಯೂಸ್ ಬದಲಿಸಲಿ, ಅವರು ಇಲ್ಲದ ದಿನ ನೀನು ಹೋಗು.

ನವೆಂಬರಿನಲ್ಲಿ ಜಿಕೆವಿಕೆ ಕೃಷಿಮೇಳಕ್ಕೆ ರೈತರು ತಂಡೋಪತಂಡವಾಗಿ ಬರುತ್ತಾರೆ. ಸೋಲಾರ್ ಪಂಪು, ಬೇಲಿ, ಒಣಗಿಸುವ ಪೆಟ್ಟಿಗೆ ಎಂದು ಕೇಳುವವರು ಅಲ್ಲಿ ಸಿಗುತ್ತಾರೆ. ಮೇಳದ ಮಳಿಗೆಯ ಬಾಡಿಗೆ ಒಬ್ಬರಿಗೆ ಭಾರ. ಈಗಿನಿಂದಲೇ ಹೆಬ್ಬಾಳ, ಆರ್‌.ಟಿ. ನಗರದ ಇಬ್ಬರು ಮೂವರಿಗೆ ಫೋನು ಮಾಡಿ, ನಿನ್ನ ಮಳಿಗೆಗೇ ಕಾಫಿಗೆ ಕರೆದು, ಒಟ್ಟಾಗಿ ಅರ್ಜಿ ಹಾಕುವ ಮಾತು ಎತ್ತು.