ಅಪರಿಚಿತ ಕರೆಯ ವಿವೇಚನೆ

ಕನ್ನಡದಲ್ಲಿ ‘ಕರೆ’ ಎಂದರೆ ಆಹ್ವಾನ. ಸಂಸ್ಕೃತದಲ್ಲಿ ಕರೆಸಿಕೊಂಡು ಬಂದವನು ‘ಆಹೂತ’, ಕರೆಯದೆ ಬಂದವನು ‘ಅನಾಹೂತ’. ದೂರವಾಣಿಯು ಅಂಗೈಗೆ ಬಂದ ಮೇಲೆ ಕರೆಯೇ ಅನಾಹೂತವಾಗಿ ಬರತೊಡಗಿರುವುದು ಕಾಲದ ವಿಪರ್ಯಾಸ. ಟ್ರಂಕ್ ಕರೆಗಳ ಕಾಲದಲ್ಲಿ ವಿನಿಮಯ ಕೇಂದ್ರದ ನಿರ್ವಾಹಕರು ಊರಿನ ಹೆಸರು ಹೇಳಿ ಸಂಪರ್ಕ ಕೊಡುತ್ತಿದ್ದರು. ಕರೆಯುವವನಿಗೂ ಕೇಳುವವನಿಗೂ ನಡುವೆ ಒಬ್ಬ ಮನುಷ್ಯನಿದ್ದನು. ಇಂದು ಆ ಸ್ಥಾನದಲ್ಲಿರುವುದು ಪರದೆಯ ಮೇಲಣ ಅಂಕಿಗಳ ಸಾಲು ಮಾತ್ರ. ಆದುದರಿಂದ ವಿವೇಚನೆಯ ಹೊಣೆ ಕೇಳುವವನ ಮೇಲೆಯೇ ಬಿದ್ದಿದೆ.

ಕರೆಯ ಬಗೆಗಳು

ಅಪರಿಚಿತ ಕರೆಗಳೆಲ್ಲವೂ ಅನಿಷ್ಟವಲ್ಲ. ದೂರದೂರಿನಲ್ಲಿರುವ ಹಳೆಯ ವಿದ್ಯಾರ್ಥಿಯು ಗುರುಗಳನ್ನು ನೆನೆದು ಕರೆಯಬಹುದು; ಆಸ್ಪತ್ರೆಯಿಂದ ಬಂಧುವಿನ ಸುದ್ದಿ ಬರಬಹುದು. ಇವು ಅಪರಿಚಿತವಾದರೂ ಅವಶ್ಯಕ. ಎರಡನೆಯದು ವ್ಯಾಪಾರದ ಕರೆ: ಸಾಲ, ವಿಮೆ, ನಿವೇಶನಗಳ ಪ್ರಚಾರ. ಇದು ಕಾಲಹರಣ ಮಾಡುತ್ತದೆ. ಮೂರನೆಯದು ವಂಚಕನ ಕರೆ. ಇದು ಧನವನ್ನೂ ಮನಶ್ಶಾಂತಿಯನ್ನೂ ಹರಣ ಮಾಡುತ್ತದೆ.

ಸಂಖ್ಯೆಯ ಲಕ್ಷಣ

ಸ್ಥಿರ ದೂರವಾಣಿಗೆ ಊರಿನ ಸಂಕೇತವುಂಟು: ಚಿತ್ರದುರ್ಗಕ್ಕೆ 08194, ಹಿರಿಯೂರಿಗೆ 08193, ಹೊಳಲ್ಕೆರೆಗೆ 08191, ಹೊಸದುರ್ಗಕ್ಕೆ 08199. ಪ್ರಚಾರದ ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳು ನಿಗದಿಯಾಗಿವೆ. ಬ್ಯಾಂಕು ಮುಂತಾದ ಸಂಸ್ಥೆಗಳ ಸೇವಾ ಕರೆಗಳಿಗೆಂದು 2024ರಲ್ಲಿ 1600ರ ಶ್ರೇಣಿಯನ್ನು ಗೊತ್ತುಪಡಿಸಲಾಯಿತು. +91 ಅಲ್ಲದ ಸಂಕೇತವಿದ್ದರೆ ಕರೆಯು ಹೊರದೇಶದ್ದೆಂದು ತೋರುತ್ತದೆ. ಅಲ್ಲಿ ಬಂಧುಮಿತ್ರರಿಲ್ಲದವರು ಅಂತಹ ತಪ್ಪಿದ ಕರೆಗೆ ಮರುಕರೆ ಮಾಡುವುದು ಸಲ್ಲದು.

ಆದರೆ ಸಂಖ್ಯೆಯು ಸೂಚನೆಯೇ ಹೊರತು ಪ್ರಮಾಣವಲ್ಲ. ಹೊರದೇಶದಿಂದ ಕರೆಯುತ್ತ ಭಾರತದ ಸಂಖ್ಯೆಯನ್ನೇ ಪರದೆಯ ಮೇಲೆ ತೋರಿಸುವ ಕಪಟ ತಂತ್ರವುಂಟು. ಅಂತಹ ಕರೆಗಳನ್ನು ತಡೆಯುವ ವ್ಯವಸ್ಥೆಯೊಂದನ್ನು ಕೇಂದ್ರ ಸರ್ಕಾರವು 2024ರ ಅಕ್ಟೋಬರಿನಲ್ಲಿ ಜಾರಿಗೆ ತಂದಿತು. ಅದು ಎಷ್ಟು ತಡೆದರೂ, ನಮ್ಮ ಊರಿನ ಸಂಖ್ಯೆಯಂತೆ ಕಂಡ ಮಾತ್ರಕ್ಕೆ ನಂಬುವುದು ವಿವೇಕವಲ್ಲ.

ಮಾತಿನ ಲಕ್ಷಣ

ಸಂಖ್ಯೆಗಿಂತ ಮಾತೇ ಬಲವಾದ ಗುರುತು. ವಂಚಕನ ಮಾತಿನಲ್ಲಿ ಭಯ ಅಥವಾ ಆಸೆ, ಆತುರ, ಗೋಪ್ಯ ಎಂಬ ಮೂರು ಲಕ್ಷಣಗಳು ಕೂಡಿರುತ್ತವೆ. “ನಿಮ್ಮ ಖಾತೆ ನಿಂತುಹೋಗುತ್ತದೆ”, “ಈಗಲೇ ಹೇಳಿ”, “ಮನೆಯವರಿಗೆ ತಿಳಿಸಬೇಡಿ” ಎಂಬುವು ಅವನ ಮಂತ್ರಗಳು. ಬ್ಯಾಂಕಿನವರು ಒ.ಟಿ.ಪಿ.ಯನ್ನಾಗಲಿ ರಹಸ್ಯ ಸಂಖ್ಯೆಯನ್ನಾಗಲಿ ಫೋನಿನಲ್ಲಿ ಕೇಳುವುದಿಲ್ಲ. *401* ಎಂದು ಮೊದಲಾಗುವ ಸಂಖ್ಯೆಯನ್ನು ಒತ್ತಲು ಯಾರಾದರೂ ಹೇಳಿದರೆ ಒತ್ತಬಾರದು. ಒತ್ತಿದರೆ ನಮಗೆ ಬರುವ ಕರೆಗಳು ಅವರ ಕಡೆಗೆ ತಿರುಗುತ್ತವೆ.

‘ಡಿಜಿಟಲ್ ಅರೆಸ್ಟ್’ ಎಂಬುದು ಇವುಗಳಲ್ಲಿ ಅತಿ ಕ್ರೂರ. ವಿಜಯಪುರದ ವ್ಯಕ್ತಿಯೊಬ್ಬರನ್ನು ಪೊಲೀಸ್ ವೇಷಧಾರಿಯು ಫೋನಿನಲ್ಲಿ ಬೆದರಿಸಿದ ಪ್ರಸಂಗವನ್ನು ಪ್ರಧಾನಮಂತ್ರಿಗಳು 27-10-2024ರ ‘ಮನ್ ಕಿ ಬಾತ್’ನಲ್ಲಿ ದೇಶಕ್ಕೆ ಕೇಳಿಸಿ, ಇಂತಹ ಬಂಧನವು ಕಾನೂನಿನಲ್ಲಿಯೇ ಇಲ್ಲವೆಂದು ಸ್ಪಷ್ಟಪಡಿಸಿದರು.

ನಿರ್ವಹಣೆಯ ಕ್ರಮ

ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಸಂಶಯ ಬಂದೊಡನೆ ಕರೆಯನ್ನು ಮುಗಿಸಬೇಕು; ವಾದ ಬೇಡ. ಬಳಿಕ ಪಾಸ್‌ಬುಕ್ಕಿನಲ್ಲಿಯೋ ರಸೀದಿಯಲ್ಲಿಯೋ ಮುದ್ರಿತವಾದ ಸಂಖ್ಯೆಗೆ ತಾವೇ ಕರೆಮಾಡಿ ವಿಚಾರಿಸಬೇಕು. ಶಾಲೆಯ ಅಥವಾ ಮಠದ ಹೆಸರಿನಲ್ಲಿ ದೇಣಿಗೆ ಕೇಳುವ ಕರೆಗೂ ಇದೇ ನಿಯಮ. ದಾನಿಯು ವಿಚಾರಿಸಿ ಕೊಡುವುದು ಅವಿಶ್ವಾಸವಲ್ಲ. ಅದು ದಾನವನ್ನು ಸತ್ಪಾತ್ರಕ್ಕೆ ಮುಟ್ಟಿಸುವ ಎಚ್ಚರ.

ಪ್ರಚಾರದ ಕರೆಗಳು ಬೇಡವೆಂದು 1909ಕ್ಕೆ ಕರೆಮಾಡಿ ನೋಂದಾಯಿಸಬಹುದು. 2025ರ ಫೆಬ್ರವರಿಯ ತಿದ್ದುಪಡಿಯಂತೆ, ನೋಂದಾಯಿಸದವರೂ ಅನಧಿಕೃತ ಪ್ರಚಾರದ ಕರೆಯ ಮೇಲೆ 7 ದಿನಗಳೊಳಗೆ ದೂರು ಕೊಡಬಹುದು. ಹಣ ಹೋಗದಿದ್ದರೂ ವಂಚನೆಯ ಸಂಶಯವಿದ್ದಲ್ಲಿ ‘ಸಂಚಾರ್ ಸಾಥಿ’ಯ ‘ಚಕ್ಷು’ ವಿಭಾಗಕ್ಕೆ ತಿಳಿಸಬಹುದು. ಇದು 2024ರ ಮಾರ್ಚಿನಲ್ಲಿ ಆರಂಭವಾಯಿತು. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡತಕ್ಕದ್ದು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗನೆ ಸಾಗಿಸುತ್ತಾರೆ. ಬೇಗ ತಿಳಿಸಿದರೆ ಅದನ್ನು ನಡುವೆ ತಡೆಹಿಡಿಯುವ ಸಾಧ್ಯತೆಯಿರುತ್ತದೆ. ಚಿತ್ರದುರ್ಗದ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿಯೂ ದೂರು ಸಲ್ಲಿಸಬಹುದು.

ಇಲ್ಲಿ ದೊಡ್ಡ ಅಡ್ಡಿ ಅಜ್ಞಾನವಲ್ಲ, ಲಜ್ಜೆ. ನಿವೃತ್ತಿಯ ಹಣ ಕಳೆದುಕೊಂಡ ಹಿರಿಯರು, ಅಡಿಕೆ ಮಾರಿದ ದುಡ್ಡು ಕಳೆದುಕೊಂಡ ರೈತರು ನಗೆಗೀಡಾದೇವೆಂದು ಮೌನವಾಗುತ್ತಾರೆ. ಆ ಮೌನವೇ ವಂಚಕನ ಬಂಡವಾಳ. ಮೋಸಹೋದದ್ದು ಅಪರಾಧವಲ್ಲ, ಮೋಸ ಮಾಡಿದ್ದು ಅಪರಾಧ. ಈ ಮಾತನ್ನು ಶಿಕ್ಷಕರು ಮಕ್ಕಳಿಗೆ ತಿಳಿಸಿದರೆ, ಮಕ್ಕಳು ಮನೆಯ ಅಜ್ಜ ಅಜ್ಜಿಯರಿಗೆ ತಿಳಿಸುವರು. ಅಕ್ಷರ ಕಲಿಸಿದ ಶಾಲೆಯು ಅಂಕಿಗಳ ಹಿಂದಿನ ಕಪಟವನ್ನೂ ಓದಲು ಕಲಿಸಿದರೆ ವಿದ್ಯಾದಾನವು ಸಾರ್ಥಕವಾಗುವುದು.