ಗೇರಿಲ್ಲದ ಸ್ಕೂಟರಿನ ಬೆಲ್ಟು : ದೋಷನಿದಾನ ಮತ್ತು ಸುಧಾರಣೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಅಧ್ಯಾಪಕ ವೃತ್ತಿಯಲ್ಲಿದ್ದಾರೆ. ಬಯಲುಸೀಮೆಯಂತೆ ಅಲ್ಲಿ ಮನೆಗಳು ಸಾಲುಗೂಡಿ ನಿಂತಿಲ್ಲ. ಗುಡ್ಡಕ್ಕೊಂದು ತೋಟ, ತೋಟಕ್ಕೊಂದು ಮನೆ. ಶಾಲೆಗೆ ಹೋಗಬೇಕಾದರೆ ಒಂದು ಏರು, ಒಂದು ಇಳಿಜಾರು, ನಡುವೆ ಒಂದು ತೋಡು. ಬಸ್ಸು ಹೆದ್ದಾರಿಯಲ್ಲಿಯೇ ಇಳಿಸಿ ಹೋಗುತ್ತದೆಯಾದುದರಿಂದ ಉಳಿದ ದಾರಿಗೆ ಗೇರಿಲ್ಲದ ಸ್ಕೂಟರೇ ಆಧಾರ. ಕನ್ನಡ ಪಂಡಿತನಿಗೆ ಅದರ ಬೆಲ್ಟಿನ ಗೊಡವೆ ಏಕೆಂದು ಕೇಳುವವರಿರಬಹುದು. ಬಿದಿರು ಸೀಳಿದ ಮೇದಾರ ಕೇತಯ್ಯನನ್ನೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನನ್ನೂ ಶರಣರೆಂದು ಸ್ಮರಿಸುವ ಪರಂಪರೆಯ ಶಾಲೆ ಇದು ಎಂಬಷ್ಟೇ ಅವರಿಗೆ ನನ್ನ ಉತ್ತರ.

‘ಗೇರಿಲ್ಲದ’ ಎಂಬ ವಿಶೇಷಣವೇ ಅಷ್ಟು ಸಮರ್ಪಕವಲ್ಲ. ಬೇರೆ ವಾಹನಗಳಲ್ಲಿ ಗೇರುಗಳು ಮೆಟ್ಟಿಲಿನಂತೆ ನಾಲ್ಕೋ ಐದೋ ಇದ್ದರೆ, ಇಲ್ಲಿ ಇಳಿಜಾರಿನಂತೆ ಎಡೆಬಿಡದೆ ಬದಲಾಗುತ್ತವೆ. ಇಂಥ ಬೆಲ್ಟಿನ ಏರ್ಪಾಡನ್ನು ಹಾಲೆಂಡಿನ ಡಾಫ್ ಸಂಸ್ಥೆಯು ೧೯೫೮ರಲ್ಲಿ ಒಂದು ಪುಟ್ಟ ಕಾರಿನಲ್ಲಿ ಅಳವಡಿಸಿತು. ನಮ್ಮ ದೇಶದ ರಸ್ತೆಗಳಲ್ಲಿ ಇದನ್ನು ಮನೆಮಾತಾಗಿಸಿದ್ದು ೧೯೮೪ರಲ್ಲಿ ಬಂದ ಕೈನೆಟಿಕ್ ಹೋಂಡಾ. ಈಗಿನ ಪೆಟ್ರೋಲ್ ಸ್ಕೂಟರುಗಳ ತತ್ತ್ವವೂ ಅದೇ. ಕೆಲವು ವಿದ್ಯುತ್ ಸ್ಕೂಟರುಗಳಲ್ಲಿ ಕಾಣುವ ಹಲ್ಲಿನ ಬೆಲ್ಟು ಗೇರಿನ ಪ್ರಮಾಣವನ್ನು ಬದಲಿಸುವುದಿಲ್ಲವಾದ್ದರಿಂದ ಅದು ಈ ಲೇಖನದ ವಿಷಯವಲ್ಲ.

ಎಂಜಿನ್ನಿನ ಅಚ್ಚಿನ ಮೇಲೆ ಒಂದು ಪುಲ್ಲಿ, ಹಿಂದಿನ ಚಕ್ರದ ಬಳಿ ಇನ್ನೊಂದು. ಎರಡನ್ನೂ ಬಳಸಿ ಓಡುವುದು ಬೆಲ್ಟು. ಪ್ರತಿಯೊಂದು ಪುಲ್ಲಿಯೂ ಎದುರುಬದುರಾಗಿಟ್ಟ ಎರಡು ತಟ್ಟೆಗಳಂತಿದೆ. ಮುಂದಿನ ಪುಲ್ಲಿಯ ಒಂದು ತಟ್ಟೆಯ ಬೆನ್ನಿಗೆ ಸಾಮಾನ್ಯವಾಗಿ ಆರು ರೋಲರುಗಳು ಇರುತ್ತವೆ. ಎಂಜಿನ್ನಿನ ವೇಗ ಏರಿದಂತೆ ಇವು ಹೊರಕ್ಕೆ ಸಿಡಿದು ತಟ್ಟೆಯನ್ನು ಒತ್ತುತ್ತವೆ. ತಟ್ಟೆಗಳು ಹತ್ತಿರವಾಗಿ ಬೆಲ್ಟು ಅಂಚಿನ ಕಡೆಗೆ ಏರುತ್ತದೆ. ಆಗ ಹಿಂದಿನ ತಟ್ಟೆಗಳು ಸ್ಪ್ರಿಂಗಿನ ಒತ್ತಡವನ್ನು ಮೀರಿ ಅಗಲುತ್ತವೆ, ಬೆಲ್ಟು ಅಲ್ಲಿ ಒಳಗಿಳಿಯುತ್ತದೆ, ಗಾಡಿಯ ಓಟ ಹೆಚ್ಚುತ್ತದೆ. ಏರು ಸಿಕ್ಕಿ ಚಕ್ರಕ್ಕೆ ಭಾರ ಬಿದ್ದಾಗ ಹಿಂದಿನ ಪುಲ್ಲಿಯ ಓರೆಗಾಡಿಗಳು ತಟ್ಟೆಗಳನ್ನು ಮತ್ತೆ ಬಿಗಿದು ಬೆಲ್ಟನ್ನು ಮೇಲಕ್ಕೆ ತರುತ್ತವೆ. ಇದೇ ಗೇರು ಇಳಿಸಿದ್ದಕ್ಕೆ ಸಮಾನ. ಹಿಂದಿನ ಪುಲ್ಲಿಯಿಂದ ಚಕ್ರಕ್ಕೆ ಶಕ್ತಿ ಹೋಗುವುದು, ವೇಗ ಬಂದಾಗ ತಾನಾಗಿ ಹಿಡಿಯುವ ಕ್ಲಚ್ಚಿನ ಮೂಲಕ.

ಇಷ್ಟು ತಿಳಿದರೆ ನಿದಾನಕ್ಕೆ ಬೇಕಾದದ್ದು ಕಿವಿ. ಛಂದಸ್ಸು ಕಲಿತವರಿಗೆ ಇದು ಹೊಸದಲ್ಲ. ಎಲ್ಲಿ ಮಾತ್ರೆ ತಪ್ಪಿತೆಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ಏರಿನಲ್ಲಿ ಎಂಜಿನ್ನಿನ ಸದ್ದು ಏರಿಯೂ ಗಾಡಿಯ ಓಟ ಏರದಿದ್ದರೆ ಎಲ್ಲಿಯೋ ಜಾರುತ್ತಿದೆ ಎಂದರ್ಥ: ಸವೆದ ಬೆಲ್ಟು, ಗ್ರೀಸು ತಗುಲಿದ ತಟ್ಟೆ, ಸೋತ ಸ್ಪ್ರಿಂಗು, ಇಲ್ಲವೆ ಸವೆದ ಕ್ಲಚ್ ಶೂ. ಸದ್ದು ಏರದೆ ತಗ್ಗಿ ಗಾಡಿ ಮುಲುಗಿದರೆ ಅದು ಬೇರೆ ವ್ಯಾಧಿ: ಬೆಲ್ಟು ಏರಿನ ಸ್ಥಾನಕ್ಕೆ ಮರಳುತ್ತಿಲ್ಲ. ಒಂದು ಪಕ್ಕ ಚಪ್ಪಟೆಯಾಗಿ ಸಿಕ್ಕಿಕೊಂಡ ರೋಲರು, ಗ್ರೀಸು ಒಣಗಿದ ಓರೆಗಾಡಿಗಳನ್ನು ಅಲ್ಲಿ ಹುಡುಕಬೇಕು. ಅವು ಸರಿಯಿದ್ದರೆ ಎಂಜಿನ್ನನ್ನೇ ಪರೀಕ್ಷಿಸಬೇಕು. ಹೊರಡುವಾಗ ಮಾತ್ರ ಗಾಡಿ ನಡುಗುವುದು ಬಹುಮಟ್ಟಿಗೆ ಕ್ಲಚ್ಚಿನ ದೂಳಿನಿಂದ, ಅಥವಾ ಶೂಗಳ ಮೈ ಗಾಜಿನಂತೆ ನುಣುಪಾದುದರಿಂದ.

ಈ ಎರಡು ಸದ್ದುಗಳ ಭೇದವನ್ನು ಅರಿಯದೆ ‘ಸುಧಾರಣೆ’ಗೆ ಹೊರಡುವುದೇ ಇಂದು ಹೆಚ್ಚಾಗಿ ನಡೆಯುತ್ತಿರುವ ಅನಾಹುತ. ಸುಳ್ಯದ ಕಡೆ ಇರುವ ಹಳೆಯ ವಿದ್ಯಾರ್ಥಿಯೊಬ್ಬರ ಗಾಡಿ ಏರಿನಲ್ಲಿ ಬರಿದೆ ಕೂಗುತ್ತಿತ್ತು. ಹಗುರ ರೋಲರು ಹಾಕಿಸಿದರೆ ಸರಿಹೋದೀತೆಂದು ಸ್ನೇಹಿತರು ಹೇಳಿದರು, ಹಾಕಿಸಿಯೂ ಆಯಿತು. ಕೂಗು ಇಮ್ಮಡಿಯಾಯಿತು. ಬಿಚ್ಚಿ ಅಳೆದಾಗ ಬೆಲ್ಟಿನ ಅಗಲ ಕೈಪಿಡಿ ಹೇಳುವ ಮಿತಿಗಿಂತ ಕಡಿಮೆಯಾಗಿತ್ತು, ಒಳಮೈಯಲ್ಲಿ ಅಡ್ಡಬಿರುಕುಗಳೂ ಇದ್ದವು. ಜಾರುವ ಬೆಲ್ಟಿಗೆ ಹಗುರ ರೋಲರು ಸೇರಿದರೆ ಮುಂದಿನ ತಟ್ಟೆಯ ಒತ್ತಡ ಇನ್ನಷ್ಟು ಕುಗ್ಗಿ ಶಾಖ ಹೆಚ್ಚುವುದು ಸಹಜವೇ. ಹೊಸ ಬೆಲ್ಟೂ ಹಿಂದಿನ ತೂಕದ ರೋಲರೂ ಬಂದ ಮೇಲೆ ಗಾಡಿಗೆ ಬೇರೆ ಚಿಕಿತ್ಸೆಯೇ ಬೇಕಾಗಲಿಲ್ಲ.

ಆ ಸೀಮೆಯ ಮಳೆಯೂ ಒಂದು ಕಾರಣ. ಬೆಲ್ಟಿನ ಪೆಟ್ಟಿಗೆ ತಂಪಾಗಲೆಂದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ತುಂಬಿದ ತೋಡನ್ನು ದಾಟಿಸಿದರೆ ಗಾಳಿಯ ದಾರಿಯಲ್ಲಿ ನೀರೇ ಬರುತ್ತದೆ. ನೆನೆದ ಬೆಲ್ಟು ಕಿರುಚುತ್ತದೆ, ಜಾರುತ್ತದೆ. ಅಂಥ ವೇಳೆ ಎಕ್ಸಲರೇಟರನ್ನು ಪೂರ್ತಿ ತಿರುಗಿಸಿ ಏರಿಗೆ ನುಗ್ಗದೆ, ಒಣಗುವವರೆಗೆ ಸಮತಟ್ಟಿನಲ್ಲಿ ಮೆಲ್ಲನೆ ಓಡಿಸತಕ್ಕದ್ದು. ಬೇಸಗೆಯಲ್ಲಿ ಕೆಂಪುದೂಳು ಗಾಳಿಯ ಜರಡಿಯನ್ನು ಕಟ್ಟಿ ಶಾಖವನ್ನು ಒಳಗೇ ನಿಲ್ಲಿಸುತ್ತದೆ. ಸುಳ್ಯ, ಕಡಬಗಳಲ್ಲಿ ರಬ್ಬರು ತೋಟಗಳು ಹೇರಳವಾಗಿದ್ದರೂ ಈ ಬೆಲ್ಟು ಆ ಮರದ ಹಾಲಿನಿಂದಾದುದಲ್ಲ. ಶಾಖವನ್ನೂ ಎಣ್ಣೆಯನ್ನೂ ಹೆಚ್ಚು ತಾಳುವ ಕ್ಲೋರೋಪ್ರೀನಿನಂಥ ಕೃತಕ ರಬ್ಬರಿನದು; ಒಳಗೆ ಪಾಲಿಯೆಸ್ಟರ್ ಅಥವಾ ಅರಾಮಿಡ್ ಹುರಿ. ಕೈಪಿಡಿಯು ಬದಲಿಸಲು ಇಂತಿಷ್ಟು ಸಾವಿರ ಕಿಲೋಮೀಟರೆಂದು ಹೇಳಿದ್ದರೂ, ದಿನವೂ ಇಬ್ಬರನ್ನು ಹೊತ್ತು ಗುಡ್ಡ ಹತ್ತುವ ಗಾಡಿಯನ್ನು ಅದಕ್ಕೆ ಮೊದಲೇ, ಮಳೆಗಾಲ ಮುಗಿದೊಡನೆ ಬಿಚ್ಚಿಸಿ ನೋಡುವುದು ಲೇಸು. ಗುಂಡ್ಯ–ಸುಬ್ರಹ್ಮಣ್ಯದ ಕಾಡುದಾರಿಯಲ್ಲಿ ಸಂಜೆ ಬೆಲ್ಟು ಹರಿದರೆ ಎಂಜಿನ್ನು ಓಡುತ್ತಲೇ ಇರುತ್ತದೆ, ಗಾಡಿ ಮಾತ್ರ ಒಂದಡಿಯೂ ಮುಂದೆ ಹೋಗದು. ಹರಿದ ಚೂರು ಸಿಕ್ಕಿಕೊಂಡು ಹಿಂದಿನ ಚಕ್ರ ಹಿಡಿದುಕೊಳ್ಳುವ ಅಪಾಯವೂ ಇದೆ.

ಇನ್ನು ನಿಜವಾದ ಸುಧಾರಣೆಯ ಮಾತು. ಎಲ್ಲ ಭಾಗಗಳೂ ಸುಸ್ಥಿತಿಯಲ್ಲಿದ್ದು, ಆದರೂ ಏರಿನಲ್ಲಿ ಸದ್ದು ತಗ್ಗಿ ಮುಲುಗುವ ಗಾಡಿಗೆ ಮಾತ್ರ ಇದು ಸಲ್ಲುತ್ತದೆ. ಇಲ್ಲಿ ಲಘು-ಗುರುಗಳ ವಿಚಾರ ಬರುತ್ತದೆ. ಗುರು ರೋಲರು ಬೇಗ ಒತ್ತುತ್ತದೆ. ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗಲೇ ಮೇಲಿನ ಗೇರು ಬಂದಂತಾಗಿ ಬಯಲಿನಲ್ಲಿ ಪೆಟ್ರೋಲು ಉಳಿಯುತ್ತದೆ. ಲಘು ರೋಲರು ತಡವಾಗಿ ಒತ್ತುವುದರಿಂದ ಎಂಜಿನ್ನು ಬಲವಾಗಿ ತಿರುಗಿ ಏರು ಸುಲಭವಾಗುತ್ತದೆ. ಆದರೆ ಪೆಟ್ರೋಲಿನ ಖರ್ಚು ಏರುತ್ತದೆ. ತೂಕ ತೀರ ಕಡಿಮೆಯಾದರೆ ಬೆಲ್ಟು ಅಂಚನ್ನು ಮುಟ್ಟದೆ ಗರಿಷ್ಠ ವೇಗ ತಗ್ಗುತ್ತದೆ. ರೋಲರು ಎಂಜಿನ್ನಿಗೆ ಹೊಸ ಶಕ್ತಿಯನ್ನೇನೂ ಕೊಡದು, ಇರುವ ಶಕ್ತಿಯನ್ನು ಯಾವ ವೇಗದಲ್ಲಿ ಬಳಸಬೇಕೆಂಬುದನ್ನಷ್ಟೇ ಬದಲಿಸುತ್ತದೆ. ತೂಕವನ್ನು ಸ್ವಲ್ಪವೇ ಇಳಿಸಿ, ಆರನ್ನೂ ಒಟ್ಟಿಗೆ ಹಾಕಿಸಿ, ಕೆಲವು ದಿನ ಓಡಿಸಿ ನೋಡಬೇಕು. ಹಿಂದಿನ ಸ್ಪ್ರಿಂಗನ್ನೂ ಅದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಅಲ್ಲದೆ ಬಿಗಿ ಸ್ಪ್ರಿಂಗು ಬೆಲ್ಟಿಗೆ ಹೆಚ್ಚಿನ ಶಾಖವನ್ನೂ ತರುತ್ತದೆ. ತಟ್ಟೆಗಳನ್ನು ಕಡೆಸಿ ತೆಳುಮಾಡಿಸುವ ಪ್ರಯೋಗವಂತೂ ನನಗೆ ಸರ್ವಥಾ ಸಮ್ಮತವಲ್ಲ.

ಜೋಡಿಸುವಾಗ ಒಂದು ಸೂಕ್ಷ್ಮವಿದೆ. ಗ್ಯಾರೇಜಿನಲ್ಲಿ ಪಕ್ಕದಲ್ಲಿಯೇ ನಿಂತು ಇದನ್ನು ಗಮನಿಸಬೇಕು. ಹಿಂದಿನ ತಟ್ಟೆಗಳನ್ನು ಕೈಯಿಂದ ಅಗಲಿಸಿ ಬೆಲ್ಟನ್ನು ಆಳಕ್ಕೆ ತಳ್ಳಿದರೆ ಮಾತ್ರ ಮುಂದೆ ಅದು ಸಡಿಲವಾಗುತ್ತದೆ. ಹಾಗೆ ಮಾಡದೆ ಮುಂದಿನ ನಟ್ಟನ್ನು ಬಿಗಿದರೆ ತಟ್ಟೆಗಳ ನಡುವೆ ಬೆಲ್ಟೇ ಸಿಕ್ಕಿಕೊಂಡು, ನಟ್ಟು ಬಿಗಿಯಾದಂತೆ ತೋರಿ, ದಾರಿಯಲ್ಲಿ ಸಡಿಲಗೊಳ್ಳುತ್ತದೆ. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೇ ಇರಬೇಕು. ತಟ್ಟೆಗಳ ಮೈಯನ್ನು ಎಣ್ಣೆಯ ಕೈಯಿಂದ ಮುಟ್ಟಬಾರದು.

ಇಳಿಯುವ ವಿಷಯದಲ್ಲಿಯೂ ಎಚ್ಚರ ಬೇಕು. ಮಡಿಕೇರಿಯಿಂದ ಸಂಪಾಜೆಗೆ ಸುಮಾರು ಸಾವಿರ ಮೀಟರು ಇಳಿಯಬೇಕು. ಈ ಗಾಡಿಗಳಲ್ಲಿ ಎಂಜಿನ್ನಿನ ವೇಗ ತೀರ ತಗ್ಗಿದಾಗ ಕ್ಲಚ್ಚು ತಾನಾಗಿ ಬಿಟ್ಟುಕೊಳ್ಳುವುದರಿಂದ ಎಂಜಿನ್ನಿನ ಹಿಡಿತ ಇಲ್ಲವಾಗುತ್ತದೆ. ಪೆಟ್ರೋಲು ಉಳಿಸಲೆಂದು ಎಂಜಿನ್ನನ್ನೇ ನಿಲ್ಲಿಸಿ ಇಳಿಯುವವರು ಆ ಹಿಡಿತವನ್ನು ಮೊದಲ ತಿರುವಿನಲ್ಲಿಯೇ ಕಳೆದುಕೊಂಡು ಎಲ್ಲ ಭಾರವನ್ನೂ ಬ್ರೇಕಿಗೆ ಹೊರಿಸುತ್ತಾರೆ. ಎಂಜಿನ್ನು ಓಡುತ್ತಿರಲಿ, ಎರಡು ಬ್ರೇಕುಗಳನ್ನೂ ಬಿಟ್ಟುಬಿಟ್ಟು ಹಿಡಿಯಲಿ, ನಡುದಾರಿಯಲ್ಲಿ ಒಮ್ಮೆ ನಿಂತು ಡ್ರಮ್ಮುಗಳು ಆರುವಷ್ಟು ಹೊತ್ತು ವಿಶ್ರಮಿಸಲಿ.