‘ಐಚ್ಛಿಕ’ ಅಂತ ಬರೆದ್ರ ಸಾಕಾ?

ಹೋದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್ ಅಂತ ಒಂದು ಸಣ್ಣ ಪೈಥಾನ್ ಲೈಬ್ರರಿ ಮಾಡಿದ್ವಿ. ನಮ್ಮ ಟೀಮ್‌ನ ಒಬ್ಬ ಗೆಳೆಯನ ಊರು ಕಮಲಾಪುರ. ಹೌದು, ಜಿಐ ಟ್ಯಾಗ್ ಇರೋ ಕೆಂಪು ಬಾಳೆಹಣ್ಣಿನ ಕಮಲಾಪುರನೇ. ಅವನ ಕಾಕಾ ಬಾಳೆ ಬೆಳೆದು ಕಲಬುರಗಿಗೆ ತಂದು ಮಾರ್ತಾರ. ಅವರ ಲೆಕ್ಕಕ್ಕಾಗಿ ನಾನೊಂದು ಫಂಕ್ಷನ್ ಬರೆದೆ:

ಬಿಲ್(ತೂಕ, ದರ, ಕಡಿತ=ನನ್)

ಪೈಥಾನ್ 3ರಲ್ಲಿ ಹೆಸರುಗಳನ್ನ ಕನ್ನಡದಲ್ಲೇ ಇಟ್ಟರೂ ಕೋಡ್ ಓಡ್ತದ, ಮಾಡಿ ನೋಡ್ರಿ. ಆ ‘ನನ್’ ಮಾತ್ರ ನಮ್ಮ ‘ನನ್ನ’ ಅಲ್ಲ, ಪೈಥಾನ್ ಭಾಷೆಯ ‘ಏನೂ ಇಲ್ಲ’. ಕೆಲವು ವ್ಯಾಪಾರಿಗಳು ಗೊನೆಯ ದಿಂಡಿನ ತೂಕ ಅಂತ ಸ್ವಲ್ಪ ಮುರೀತಾರ, ಅದಕ್ಕ ಕಡಿತ. ಎಪಿಐ ರೆಫರೆನ್ಸ್‌ನಲ್ಲಿ ಆ ಪ್ಯಾರಾಮೀಟರ್ ಮುಂದೆ ನಾನು ಬರೆದದ್ದು ಒಂದೇ ಪದ: ಐಚ್ಛಿಕ. ಇಂಗ್ಲಿಷ್ ಮೀಡಿಯಂ ಹುಡುಗ ಇಷ್ಟು ಚಂದದ ಕನ್ನಡ ಪದ ಹುಡುಕಿದೆ ಅಂತ ಖುಷಿ ಬೇರೆ.

ಒಂದಿನ ಕಾಕಾ 240 ಕೆಜಿ ತಂದ್ರು, ದರ 50. ಅವತ್ತು ಕಡಿತ ಇರಲಿಲ್ಲ. ಐಚ್ಛಿಕ ಅಂದ್ರ ಬಿಡಬಹುದು ಅಂತ ಗೆಳೆಯ ಬಿಟ್ಟ. ಬಿಲ್ 11,400 ಬಂತು. ವ್ಯಾಪಾರಿ ಅಷ್ಟೇ ಕೊಟ್ಟು ಕಳಿಸಿದ್ರು. ರಾತ್ರಿ ಕಾಕಾ ಬಾಯಿಲೆಕ್ಕ ಹಾಕಿ ಕೇಳಿದ್ರಂತ: “600 ಎಲ್ಲಿ ಹೋತೋ ತಮ್ಮಾ?”

ಕೋಡ್ ಒಳಗೆ ನಾನು ‘ಕಡಿತ ಇಲ್ಲದಿದ್ದರೆ 5’ ಅಂತ ಬರೆದಿದ್ದೆ. ಮೊದಲು ಟೆಸ್ಟ್ ಮಾಡಿದ ಬಿಲ್‌ನಲ್ಲಿ ಶೇ. 5 ಇತ್ತು, ಅದೇ ಉಳೀತು. ಇನ್ನೂ ಕೆಟ್ಟದ್ದು ಮುಂದ ಅದ. ಗೆಳೆಯ ಕಡಿತ=0 ಅಂತ ಕೊಟ್ಟು ನೋಡಿದ, ಮತ್ತೆ 11,400! ಯಾಕಂದ್ರ ನಾನು ‘ಕಡಿತ ಆರ್ 5’ ಅನ್ನೋ ಶಾರ್ಟ್‌ಕಟ್ ಬಳಸಿದ್ದೆ. ಪೈಥಾನ್‌ಗೆ 0 ಕೂಡ ‘ಸುಳ್ಳು’, ಹಾಗಾಗಿ ಸೊನ್ನೆ ಕೊಟ್ಟರೂ ಅದು 5 ಹಿಡೀತದ. ‘ಕೊಟ್ಟಿಲ್ಲ’ ಮತ್ತು ‘ಸೊನ್ನೆ ಕೊಟ್ಟೀನಿ’ ಎರಡೂ ಒಂದೇ ಆಗಿಹೋಗಿತ್ತು.

ಕಲಬುರಗಿ ಖಾನಾವಳಿಯಲ್ಲಿ ‘ಒಂದು ಊಟ’ ಅಂದ್ರ ಸಾಕು, ಜೋಳದ ರೊಟ್ಟಿ ಬರ್ತದ. ಚಪಾತಿ ಬೇಕಂದ್ರ ಬಾಯಿಬಿಟ್ಟು ಹೇಳಬೇಕು. ನಮಗಿದು ಗೊತ್ತು, ಹಾಸ್ಟೆಲ್‌ಗೆ ಹೊಸದಾಗಿ ಬಂದ ದಕ್ಷಿಣದ ಹುಡುಗನಿಗೆ ಗೊತ್ತಿರಲ್ಲ. ಎಪಿಐ ರೆಫರೆನ್ಸ್ ಬರೆಯೋದು ಆ ಹುಡುಗನಿಗಾಗಿ. ಬಿಡಬಹುದು ಅನ್ನೋದು ಅರ್ಧ ಮಾಹಿತಿ. ಬಿಟ್ಟರೆ ಏನು ಬರುತ್ತದೆ ಅನ್ನೋದೇ ಅವನಿಗೆ ಬೇಕಾದದ್ದು.

ಪೈಥಾನ್‌ನ ಸ್ವಂತ ಫಂಕ್ಷನ್‌ಗಳಲ್ಲೂ ಇದು ಕಾಣ್ತದ. ರೌಂಡ್(2.7) ಅಂದರೆ 3, ಪೂರ್ಣಾಂಕ. ರೌಂಡ್(2.7, 0) ಅಂದರೆ 3.0, ದಶಮಾಂಶ. ಸೊನ್ನೆ ಕೊಡೋದಕ್ಕೂ ಬಿಡೋದಕ್ಕೂ ಉತ್ತರದ ಜಾತಿಯೇ ಬೇರೆ. ಸ್ಪ್ಲಿಟ್ ಇನ್ನೂ ಮಜಾ. ‘ಕಲಬುರಗಿ’ ಮತ್ತು ‘ಕಮಲಾಪುರ’ ನಡುವೆ ಎರಡು ಸ್ಪೇಸ್ ಇದ್ದಾಗ, ಏನೂ ಕೊಡದೆ ಸ್ಪ್ಲಿಟ್ ಮಾಡಿದ್ರ ಎರಡು ತುಂಡು. ಒಂದು ಸ್ಪೇಸ್ ಅನ್ನ ನಾವೇ ಕೊಟ್ಟರೆ ಮೂರು, ನಡುವಿನದ್ದು ಖಾಲಿ. ಡಿಫಾಲ್ಟ್ ಅಂದರೆ ‘ಸ್ಪೇಸ್’ ಅಂತ ಊಹಿಸಿ ನಾನೇ ಒಂದು ಲ್ಯಾಬ್‌ನಲ್ಲಿ ಒದ್ದಾಡಿದ್ದೆ. ಪೈಥಾನ್ ದಾಖಲೆ ಈ ವ್ಯತ್ಯಾಸವನ್ನ ಉದಾಹರಣೆ ಸಮೇತ ಬಿಡಿಸಿ ಹೇಳಿದೆ, ಓದದೇ ಇದ್ದದ್ದು ನನ್ನ ತಪ್ಪು.

ಗುರುತುಗಳ ಬಗ್ಗೆಯೂ ಒಂದು ಮಾತು. ಪೈಥಾನ್‌ನ ಹಳೇ ಪುಟಗಳಲ್ಲಿ ಬಿಡಬಹುದಾದದ್ದನ್ನ ಚೌಕ ಆವರಣದಲ್ಲಿ ಹಾಕ್ತಾರ. ಮೊದಲ ಸಲ ನಾನು ಆ ಆವರಣವನ್ನೂ ಸೇರಿಸಿ ಟೈಪ್ ಮಾಡಿದ್ದೆ, ಲಿಸ್ಟ್ ಅಂದ್ಕೊಂಡು! ‘ಐಚ್ಛಿಕ’ ಅಂತ ಪದ ಬರೆಯೋದೇ ಮೇಲು, ಆದ್ರ ಅಲ್ಲೇ ನಿಲ್ಲಬಾರದು.

ಈಗ ಕೋಡ್ ಸರಿ ಮಾಡಿ, ರೆಫರೆನ್ಸ್‌ನಲ್ಲಿ ಹೀಗೆ ಬರೆದೀವಿ:

ಕಡಿತ: ಸಂಖ್ಯೆ, ಶೇಕಡಾ ಲೆಕ್ಕದಲ್ಲಿ. ಐಚ್ಛಿಕ. ಕೊಡದಿದ್ದರೆ 0, ಅಂದರೆ ಏನೂ ಮುರಿಯುವುದಿಲ್ಲ. ಬಿಲ್(240, 50) ಕೊಟ್ಟರೆ 12,000 ರೂ. ಬಿಲ್(240, 50, ಕಡಿತ=5) ಕೊಟ್ಟರೆ 11,400 ರೂ. ಆವೃತ್ತಿ 0.2ಕ್ಕಿಂತ ಮೊದಲು ಕೊಡದಿದ್ದರೆ 5 ಎಂದು ಹಿಡಿಯುತ್ತಿತ್ತು.

ಆ ಕೊನೆಯ ಸಾಲು ಮರೀಬ್ಯಾಡ್ರಿ. ಡಿಫಾಲ್ಟ್ ಬದಲಿಸಿದ್ರ ಹಳೇ ಕೋಡ್ ಎರರ್ ಕೊಡಲ್ಲ, ಸುಮ್ಮನೆ ಬೇರೆ ಉತ್ತರ ಕೊಡ್ತದ. ನಮ್ಮ ಟೀಮ್‌ನವಳೊಬ್ಬಳ ತಿಂಗಳ ರಿಪೋರ್ಟ್ ಹಳೇ 5ರ ಮೇಲೇ ನಿಂತಿತ್ತು, ಈ ಸಾಲು ಓದಿದ ಮೇಲೆ ಅವಳು ಕಡಿತ=5 ಅಂತ ತಾನೇ ಬರೆದುಕೊಂಡಳು.

ವ್ಯಾಪಾರಿ 600 ವಾಪಸ್ ಕೊಟ್ರು. ಕಾಕಾ ಆ್ಯಪ್ ಬಳಸ್ತಾರ, ಆದ್ರ ಬಿಲ್ ಬಂದ ಕೂಡಲೇ ಬಾಯಿಲೆಕ್ಕನೂ ಹಾಕ್ತಾರಂತ.